ಆದಿತ್ಯವಾರ ಇಲ್ಲದ ವಾರದ ಮದುವೆ

ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಿಂದ ಶನಿವಾರದ ಹಾಳೆ ಹರಿಯಲು ಹೋದರೆ ಎರಡು ಹಾಳೆ ಒಟ್ಟಿಗೇ ಕೈಗೆ ಬಂತು. ದಿನಕ್ಕೊಂದು ಹಾಳೆಯ ಹಳೇ ಬಗೆಯ ಕ್ಯಾಲೆಂಡರ್ ಅದು, ಅಂಟು ಸ್ವಲ್ಪ ಜಾಸ್ತಿಯಾಗಿತ್ತೋ ಏನೋ. ಗೋಡೆಯ ಮೇಲೆ ಸೋಮವಾರ ದಪ್ಪ ಕಪ್ಪು ಅಕ್ಷರದಲ್ಲಿ ನಿಂತಿತ್ತು, ಆದಿತ್ಯವಾರದ ಕೆಂಪು ಹಾಳೆ ನನ್ನ ಬೆರಳಿನಲ್ಲಿತ್ತು. ಅಡುಗೆಮನೆಯಿಂದ ಹೆಂಡತಿ ಇಣುಕಿ, "ಎಂತ ಮಾರಾಯ್ರೆ, ರಜೆಯನ್ನೇ ಹರಿದು ಹಾಕಿದ್ರಾ?" ಎಂದಳು. ನಾನು ನಿಂತಲ್ಲೇ ನಗತೊಡಗಿದೆ. ಹದಿಮೂರು ವರ್ಷದ ಹಿಂದೆ ಹೀಗೆಯೇ ಒಂದು ಆದಿತ್ಯವಾರ ನಮ್ಮ ಇಡೀ ಹಡಗಿನ ಕೈತಪ್ಪಿ ಹೋಗಿತ್ತು. ಆ ಆದಿತ್ಯವಾರವೇ ಒಬ್ಬರ ಮಗಳ ಮದುವೆಯೂ ಇತ್ತು...

ಈಗ ನಾನು ಮಂಗಳೂರಿನ ಕದ್ರಿಯಲ್ಲಿ ಮನೆ ಮಾಡಿಕೊಂಡು, ಬಂದರಿಗೆ ಬರುವ ಹಡಗುಗಳ ಸರ್ವೇ ಮಾಡಿಕೊಂಡು ಇರುವ ನೆಲದ ಮನುಷ್ಯ. ಆಗ ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದೆ. ಹಡಗು ಹೋಗುವ ದಾರಿಯನ್ನು ನಕ್ಷೆಯಲ್ಲಿ ಗುರುತು ಹಾಕುವುದು, ಹಡಗಿನ ಗಡಿಯಾರಗಳನ್ನು ಹಿಂದೆ ಮುಂದೆ ಮಾಡುವುದು ನನ್ನ ಕೆಲಸ. ನಾನು ಹೇಳಹೊರಟಿರುವುದು ಆ ಹಡಗಿನ ಅಡುಗೆಯವರ ಬಗ್ಗೆ. ಹಡಗಿನಲ್ಲಿ ಅಡುಗೆಯವರನ್ನು ಭಂಡಾರಿ ಎಂದು ಕರೆಯುವುದು ಹಳೇ ರೂಢಿ. ಅದು ಮನೆತನದ ಹೆಸರಲ್ಲ, ಹುದ್ದೆ. ನಮ್ಮ ಭಂಡಾರಿ ಮಂಗಳೂರಿನವರೇ, ನಂತೂರಿನ ಹತ್ತಿರದವರು. ಇಪ್ಪತ್ತೆರಡು ಜನರ ಆ ಹಡಗಿನಲ್ಲಿ ತುಳು ಗೊತ್ತಿದ್ದವರು ನಾವಿಬ್ಬರೇ. ಎಲ್ಲರ ಎದುರು ಅವರು ನನಗೆ ಭಂಡಾರಿ, ನಾನು ಅವರಿಗೆ ಸಾಬ್. ಇಬ್ಬರೇ ಇದ್ದಾಗ ನಾನು ಅಣ್ಣ ಎನ್ನುತ್ತಿದ್ದೆ. ಅವರು ಮಾತ್ರ ಆಗಲೂ ಸಾಬ್ ಬಿಡಲಿಲ್ಲ. "ಅಭ್ಯಾಸ ತಪ್ಪಿ ಕ್ಯಾಪ್ಟನ್ ಎದುರು ನಿಮ್ಮನ್ನು 'ಮಗಾ' ಅಂದ್ರೆ ನಿಮ್ಮ ಮರ್ಯಾದೆ ಎಂತ ಆಗ್ಬೇಕು?" ಎಂದು ಕೇಳುತ್ತಿದ್ದರು.

ನಾವು ಚಿಲಿ ದೇಶದಲ್ಲಿ ತಾಮ್ರದ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟಿದ್ದೆವು. ಸುಮಾರು ಒಂದು ತಿಂಗಳ ದಾರಿ, ನಡುವೆ ಒಂದು ಬಂದರೂ ಇಲ್ಲ. ಎಡಕ್ಕೂ ನೀರು, ಬಲಕ್ಕೂ ನೀರು. ಈಗಿನ ಹಡಗುಗಳಲ್ಲಿ ವೈಫೈ ಉಂಟು, ಕೆಲಸ ಮುಗಿದ ಕೂಡಲೇ ಒಬ್ಬೊಬ್ಬರು ಒಂದೊಂದು ಕೋಣೆಗೆ ಹೊಕ್ಕು ಮೊಬೈಲ್ ಹಿಡಿದರೆ ಊಟಕ್ಕೆ ಮಾತ್ರ ಮುಖ ಕಾಣುತ್ತದಂತೆ. ಆಗ ನಮ್ಮ ಹಡಗಿನಲ್ಲಿ ಇದ್ದದ್ದು ಕ್ಯಾಪ್ಟನ್ ಕೋಣೆಯ ಒಂದು ಸ್ಯಾಟಲೈಟ್ ಫೋನ್, ಅದೂ ಅಗತ್ಯಕ್ಕೆ ಮಾತ್ರ. ಹಾಗಾಗಿ ನಮಗೆ ಪುರುಸೊತ್ತು ಎಂದರೆ ನಿಜವಾದ ಪುರುಸೊತ್ತು. ಸಂಜೆ ಐದರಿಂದ ಮಲಗುವ ತನಕ ಎಂತ ಮಾಡುವುದು ಎನ್ನುವುದೇ ದಿನದ ದೊಡ್ಡ ಪ್ರಶ್ನೆ.

ಕೇರಂ ಬೋರ್ಡು ಇತ್ತು, ಆದರೆ ಹಡಗು ಸ್ವಲ್ಪ ವಾಲಿದರೆ ಸಾಕು, ಕಾಯಿಗಳು ತಾವಾಗಿಯೇ ಗುಂಡಿಗೆ ಹೋಗಿ ಬೀಳುತ್ತಿದ್ದವು. ಅದು ನನ್ನದು, ಇದು ನಿನ್ನದು ಎಂದು ದಿನಾ ಜಗಳ. ಕೊನೆಗೆ ಪರಿಹಾರ ಕೊಟ್ಟದ್ದು ಭಂಡಾರಿ. ಮೊಟ್ಟೆಯ ಎರಡು ಟ್ರೇಗಳನ್ನು ಕತ್ತರಿಸಿ ಅಂಟಿಸಿ, ಏಳೇಳು ಗುಂಡಿಗಳ ಎರಡು ಸಾಲು ಮಾಡಿ, ಗುಂಡಿಗೆ ನಾಲ್ಕರಂತೆ ರಾಜ್ಮಾ ಕಾಳು ಹಾಕಿ ಮೆಸ್ಸಿನ ಮೇಜಿನ ಮೇಲೆ ಇಟ್ಟರು. ನಮ್ಮ ಊರಿನ ಚೆನ್ನೆಮಣೆ! ಹಡಗು ಎಷ್ಟು ವಾಲಿದರೂ ಕಾಳು ಗುಂಡಿ ಬಿಟ್ಟು ಹೋಗುವುದಿಲ್ಲ. "ಇದು ಜಡಿಮಳೆಯ ಆಟಿ ತಿಂಗಳಲ್ಲಿ ಆಡುವ ಆಟ ಅಲ್ವಾ ಅಣ್ಣ?" ಎಂದೆ. "ಹೊರಗೆ ಹೋಗ್ಲಿಕ್ಕಿಲ್ಲ, ಒಳಗೆ ಕೂತು ತಿನ್ನುವುದು ಮಾತ್ರ. ಇದಕ್ಕಿಂತ ಆಟಿ ಬೇಕಾ ಸಾಬ್?" ಎಂದರು. ಎರಡು ವಾರದಲ್ಲಿ ಇಡೀ ಹಡಗಿಗೆ ಆ ಹುಚ್ಚು ಹಿಡಿಯಿತು. ಡೆಕ್ಕಿನ ಕೆಲಸದವರ ಮುಖ್ಯಸ್ಥ ಬೋಸನ್ ಲಕ್ಷದ್ವೀಪದವರು, ಕಡಿಮೆ ಮಾತಿನ ಗಂಭೀರ ಮನುಷ್ಯ. ಅವರು ಸೋತಾಗ ಕಾಳು ಎಣಿಸುವುದರಲ್ಲಿ ಮೋಸ ಆಗಿದೆ ಎಂದು ಮೇಜು ಕುಟ್ಟುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪಂಜಾಬಿನ ನಮ್ಮ ಕ್ಯಾಪ್ಟನ್ನಿಗೂ ಆಡುವ ಆಸೆ, ಆದರೆ ಮೆಸ್ಸಿಗೆ ಇಳಿದು ಬಂದರೆ ಘನತೆ ಹೋಗುತ್ತದಲ್ಲ... ರೌಂಡ್ಸ್ ನೆಪದಲ್ಲಿ ಬಂದು ನಿಂತು ಎರಡೂ ಕಡೆಯವರಿಗೆ ಸಲಹೆ ಕೊಡುತ್ತಿದ್ದರು.

ಇಷ್ಟೆಲ್ಲ ನಗಿಸುತ್ತಿದ್ದ ಮನುಷ್ಯನ ಹೊಟ್ಟೆಯೊಳಗೆ ಒಂದು ಸಂಕಟ ಇತ್ತು. ಅವರ ಒಂಬತ್ತು ತಿಂಗಳ ಕಂಟ್ರಾಕ್ಟ್ ಚಿಲಿಯಲ್ಲೇ ಮುಗಿದಿತ್ತು. ಅಲ್ಲಿ ಇಳಿದು ಮನೆಗೆ ಹೋಗುತ್ತೇನೆ ಎಂದು ಲೆಕ್ಕ ಹಾಕಿಯೇ ಮಗಳ ಮದುವೆಗೆ ದಿನ ಇಟ್ಟಿದ್ದರು. ಅವರ ಜಾಗಕ್ಕೆ ಬರಬೇಕಾದವನಿಗೆ ವೀಸಾ ಸಿಗಲಿಲ್ಲ. ಅಡುಗೆಯವರಿಲ್ಲದೆ ಹಡಗು ಹೊರಡುವಂತಿಲ್ಲ. ಪೆಟ್ಟಿಗೆ ಕಟ್ಟಿ ಹೊಸ ಅಂಗಿ ಹಾಕಿ ನಿಂತಿದ್ದವರು ಮತ್ತೆ ಏಪ್ರನ್ ಕಟ್ಟಿಕೊಂಡರು. ನಾವೆಲ್ಲ ಅವರ ಮುಖ ನೋಡಲಾಗದೆ ತಟ್ಟೆ ನೋಡಿಕೊಂಡು ಊಟ ಮಾಡಿದೆವು.

ಮೊದಲ ನಾಲ್ಕು ದಿನ ದಾಲಿಗೆ ಒಂದೋ ಉಪ್ಪಿಲ್ಲ, ಇಲ್ಲವೇ ಉಪ್ಪೇ ಉಪ್ಪು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಐದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಅವರು ಚಹಾ ಹಿಡಿದುಕೊಂಡು ಮೇಲೆ ಬ್ರಿಜ್ಜಿಗೆ ಬಂದರು. ಬ್ರಿಜ್ಜೆಂದರೆ ಹಡಗನ್ನು ನಡೆಸುವ ಮೇಲಿನ ಕೋಣೆ. ಹನ್ನೆರಡರಿಂದ ನಾಲ್ಕರ ತನಕ ಅಲ್ಲಿ ನನ್ನ ಪಾಳಿ. ಊಟದ ಪಾತ್ರೆ ತೊಳೆದು ಮುಗಿದ ಮೇಲೆ ಅವರ ಪುರುಸೊತ್ತಿನ ಹೊತ್ತೂ ಅದೇ. ದಿನಾ ಬಂದು ನಕ್ಷೆ ನೋಡಿ, "ಮಂಗಳೂರು ಯಾವ ಕಡೆ ಸಾಬ್?" ಎಂದು ಕೇಳಿ, ನಾನು ಕೈ ತೋರಿಸಿದ ಕಡೆಗೆ ಸ್ವಲ್ಪ ಹೊತ್ತು ನೋಡಿ ಇಳಿದು ಹೋಗುವುದು ಅವರ ಕ್ರಮ. ಅವತ್ತು ಇಳಿಯಲಿಲ್ಲ.

"ಸಾಬ್, ಇವಳು ಹುಟ್ಟುವಾಗ ನಾನು ರೋಟರ್‌ಡ್ಯಾಮಲ್ಲಿ ಇದ್ದೆ," ಎಂದರು. "ಕಿವಿ ಚುಚ್ಚುವಾಗ ಡರ್ಬನ್. ಎಸ್ಸೆಸ್ಸೆಲ್ಸಿ ಪಾಸಾದದ್ದು ಸಿಂಗಾಪುರದಲ್ಲಿ ಫೋನ್ ಮಾಡಿದಾಗ ಗೊತ್ತಾಯ್ತು. ಇದೊಂದಕ್ಕೆ ಬರ್ತೇನೆ ಅಂತ ಮಾತು ಕೊಟ್ಟಿದ್ದೆ. ಧಾರೆ ನಾನೇ ಎರೀತೇನೆ ಅಂತ."

ಮದುಮಗ ಮದುಮಗಳ ಕೈ ಮೇಲೆ ಹಿರಿಯರು ನೀರು ಎರೆಯದೆ ನಮ್ಮಲ್ಲಿ ಮದುವೆ ಆಗುವುದಿಲ್ಲ. ಹೆಣ್ಣು ಕೊಡುವ ಅಪ್ಪನಿಗೆ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ಅವರೇ ಮತ್ತೆ ಕೇಳಿದರು: "ಆದಿತ್ಯವಾರ ಹನ್ನೆರಡೂ ಕಾಲಕ್ಕೆ ಮುಹೂರ್ತ. ಅಲ್ಲಿ ನನ್ನ ಅಣ್ಣ ಎರೀತಾರೆ. ಅದೇ ಹೊತ್ತಿಗೆ ನಾನು ಇಲ್ಲಿ ಒಂದು ಚೊಂಬು ನೀರು ಸಮುದ್ರಕ್ಕೆ ಎರೆದರೆ ಆಗ್ಲಿಕ್ಕಿಲ್ವಾ? ಇದೇ ನೀರಲ್ವಾ ನಮ್ಮ ಪಣಂಬೂರು ಬೀಚಿಗೂ ಬರುವುದು? ಆಗ ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆ ಅಂತ ಒಂದು ಹೇಳಿ ಸಾಬ್."

ನಾನು ಪೆನ್ಸಿಲ್ ತೆಗೆದುಕೊಂಡೆ. ಪೆಸಿಫಿಕ್ ಸಾಗರದ ನಡುವೆ ಒಂದು ಗೆರೆ ಉಂಟು, ನಕ್ಷೆಯಲ್ಲಿ ಮಾತ್ರ. ಪಶ್ಚಿಮಕ್ಕೆ ಹೋಗುವ ಹಡಗು ಅದನ್ನು ದಾಟುವಾಗ ಕ್ಯಾಲೆಂಡರಿನಿಂದ ಒಂದು ದಿನ ಬಿಟ್ಟುಬಿಡಬೇಕು. ಗೆರೆಯ ಈಚೆ ಇರುವ ತನಕ ನಾವು ಮಂಗಳೂರಿಗಿಂತ ಹದಿನೇಳೂವರೆ ಗಂಟೆ ಹಿಂದೆ, ಆಚೆ ಹೋದರೆ ಆರೂವರೆ ಗಂಟೆ ಮುಂದೆ. ಶುಕ್ರವಾರಕ್ಕೆ ನಾವು ಗೆರೆ ದಾಟುತ್ತೇವೆ ಎಂದು ನನ್ನ ಅಂದಾಜು. ಹಾಗಾದರೆ ಶನಿವಾರವನ್ನು ಬಿಡುತ್ತೇವೆ, ಆದಿತ್ಯವಾರ ಇರುತ್ತದೆ. ಹನ್ನೆರಡೂ ಕಾಲಕ್ಕೆ ಆರೂವರೆ ಕೂಡಿಸಿದೆ. "ಆದಿತ್ಯವಾರ ಸಂಜೆ ಆರೂ ಮುಕ್ಕಾಲು," ಎಂದೆ, ಪುರೋಹಿತರ ಗತ್ತಿನಲ್ಲಿ. ಅವರು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ರಾತ್ರಿ ದಾಲಿಗೆ ಉಪ್ಪು ಸರಿಯಾಗಿತ್ತು.

ಆಮೇಲಿನ ಎರಡೂವರೆ ವಾರ ನನ್ನ ಹಡಗು ಜೀವನದ ಅತ್ಯಂತ ಸಂತೋಷದ ದಿನಗಳು. ಇಪ್ಪತ್ತೆರಡು ಜನ ಗಂಡಸರು, ಎಲ್ಲರ ಹತ್ತಿರವೂ ಬೇಕಾದಷ್ಟು ಪುರುಸೊತ್ತು, ಎದುರಿಗೆ ಒಂದು ಮದುವೆ. ಭಂಡಾರಿ ಮದುವೆ ಕಾಗದವನ್ನು ಮೆಸ್ಸಿನ ಬಾಗಿಲಿಗೆ ಅಂಟಿಸಿದರು. ಅದು ಕನ್ನಡದಲ್ಲಿ ಇದ್ದದ್ದರಿಂದ ಯಾರಿಗೂ ಓದಲು ಬರುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ನಾನು ಓದಿ ಹಿಂದಿಯಲ್ಲಿ ಅರ್ಥ ಹೇಳಬೇಕಾಯಿತು. 'ಆಗಮನಾಭಿಲಾಷಿಗಳು' ಎಂಬ ಶಬ್ದಕ್ಕೆ ನಾನು ಕೊಟ್ಟ ಅರ್ಥ ದಿನಕ್ಕೊಂದು ತೆರನಾಗಿತ್ತು. ಎಂಜಿನ್ ರೂಮಿನ ಫಿಟ್ಟರ್ ಒಂದು ಸ್ಟೀಲ್ ಮಗ್ಗಿಗೆ ಸಣ್ಣ ಪೈಪಿನ ಮೂತಿ ಬೆಸುಗೆ ಹಾಕಿ, ಧಾರೆಗೆ ಬೇಕಾದ ಗಿಂಡಿ ತಯಾರು ಮಾಡಿದ. ಮೂರು ಸಲ ಸೋರಿತು, ಮೂರು ಸಲವೂ ಬಿಚ್ಚಿ ಮತ್ತೆ ಹಾಕಿದ. ಬೋಸನ್ ಪ್ರತಿ ಸಂಜೆ ಡೆಕ್ಕಿನಲ್ಲಿ ಕಾಲು ಚಾಚಿ ಕೂತು, ಹಳೇ ಬಿಳಿ ಹಗ್ಗದ ಎಳೆ ಬಿಚ್ಚಿ ಸಣ್ಣ ಸಣ್ಣ ಗಂಟು ಹಾಕಿ ಮಲ್ಲಿಗೆ ಮಾಲೆ ಕಟ್ಟುತ್ತಿದ್ದರು. ಅವರು ಮಲ್ಲಿಗೆಯನ್ನು ಹೀಗೆಯೇ ಕಟ್ಟುತ್ತಾರಾ ಎಂದು ನನ್ನನ್ನು ಕೇಳಿದರು. ನಾನು ಜನ್ಮದಲ್ಲಿ ಒಂದು ಮಲ್ಲಿಗೆ ಕಟ್ಟಿದವನಲ್ಲ, ಆದರೂ ಹೌದು, ಹೀಗೆಯೇ ಎಂದೆ.

ಒಂದೇ ವಿಷಯಕ್ಕೆ ಜಗಳ ಆಯಿತು, ಊಟಕ್ಕೆ. ಧಾರೆಯ ದಿನ ಮೀನು ಮಾಂಸ ಇಲ್ಲ ಎಂದರು ಭಂಡಾರಿ. ಹಡಗಿನಲ್ಲಿ ಆದಿತ್ಯವಾರ ಎಂದರೆ ಬಿರಿಯಾನಿ, ಅದಕ್ಕಾಗಿಯೇ ಜನ ಸೋಮವಾರದಿಂದ ಕಾಯುವುದು. "ಮದುವೆಗೆ ಬಂದ ನೆಂಟರಿಗೆ ಬಟಾಟೆ ಪಲ್ಯ ಹಾಕುವುದಾ?" ಎಂದು ಎಲ್ಲರೂ ಬೊಬ್ಬೆ ಹಾಕಿದರು. ಭಂಡಾರಿ ಜಗ್ಗಲಿಲ್ಲ. "ನನ್ನ ಮಗಳ ಮದುವೆ, ನನ್ನ ಅಡುಗೆ. ಬೇಡದವರು ನೀರು ಕುಡಿದು ಮಲಗಿ," ಎಂದರು. ಅನ್ನ, ಸಾರು, ಕ್ಯಾಬೇಜು ಪಲ್ಯ, ಬಟಾಟೆ ಗಸಿ, ಹಪ್ಪಳ, ಕಡ್ಲೆಬೇಳೆ ಪಾಯಸ ಎಂದು ತೀರ್ಮಾನ ಆಯಿತು. ತರಕಾರಿ ಎಂದು ಫ್ರಿಜ್ಜಿನಲ್ಲಿ ಉಳಿದಿದ್ದದ್ದೂ ಅಷ್ಟೇ.

ಇನ್ನು ನನ್ನ ಪ್ರತಾಪ. ಆ ಕೊನೆಯ ವಾರ ಎದುರು ಗಾಳಿ ಜೋರಾಗಿ ಹಡಗು ಒಂದು ದಿನ ಹಿಂದೆ ಬಿತ್ತು. ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ಕರೆದು, "ಇವತ್ತು ರಾತ್ರಿ ಗೆರೆ ದಾಟ್ತೇವೆ. ಶನಿವಾರದ ಮರುದಿನ ಸೋಮವಾರ ಅಂತ ನೋಟಿಸ್ ಹಾಕು," ಎಂದರು. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಚಂದ ಮಾಡಿ ಟೈಪ್ ಮಾಡಿ, ಮೆಸ್ಸಿನ ಬಾಗಿಲಿಗೆ, ಮದುವೆ ಕಾಗದದ ಪಕ್ಕದಲ್ಲೇ, ನಾಲ್ಕು ಮೂಲೆಗೂ ಟೇಪ್ ಹಚ್ಚಿ ಅಂಟಿಸಿ, ಶಿಳ್ಳೆ ಹಾಕುತ್ತಾ ಬ್ರಿಜ್ಜಿಗೆ ಹೋದೆ. ಓದು ಬರಹ ಕಲಿತ ಕತ್ತೆ ಎಂದು ನನ್ನ ಅಜ್ಜಿ ಬಯ್ಯುತ್ತಿದ್ದದ್ದು ಸುಮ್ಮನೆ ಅಲ್ಲ.

ಒಂದೂವರೆಗೆ ಭಂಡಾರಿ ಮೇಲೆ ಬಂದರು. ಚಹಾ ಇರಲಿಲ್ಲ. ಏಪ್ರನ್ನೂ ಬಿಚ್ಚಿರಲಿಲ್ಲ. ಬಾಗಿಲ ಹತ್ತಿರವೇ ನಿಂತು ಬಹಳ ಮೆಲ್ಲಗೆ ಕೇಳಿದರು: "ಸಾಬ್, ನನ್ನ ಮಗಳ ಮದುವೆಯ ದಿನವೇ ಇಲ್ವಂತೆ ಅಲ್ವಾ?"

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇರ್ಲಿ ಬಿಡಿ," ಎಂದರು. "ದೇವರಿಗೆ ಮನಸ್ಸಿಲ್ಲದ್ದು ನಾವು ಹಟ ಮಾಡಿ ಎಂತ ಆಗ್ಬೇಕು? ಮನೆಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಇಲ್ಲಿ ಇದ್ದ ದಿನವನ್ನೇ ಸಮುದ್ರ ನುಂಗ್ತು." ಕಣ್ಣು ಒರೆಸಿಕೊಳ್ಳಲು ಏಪ್ರನ್ ಎತ್ತಿದರು. ಅದರಲ್ಲಿ ಈರುಳ್ಳಿಯ ವಾಸನೆ ಇತ್ತೋ ಏನೋ, ಕಣ್ಣು ಇನ್ನಷ್ಟು ಕೆಂಪಾಯಿತು.

"ಅಣ್ಣ, ಒಂದು ನಿಮಿಷ," ಎಂದು ಪೆನ್ಸಿಲ್ ಹುಡುಕಿದೆ. ಕ್ಯಾಲೆಂಡರಿನ ಆದಿತ್ಯವಾರ ಹೋದರೆ ಹೋಗಲಿ, ಮಂಗಳೂರಿನ ಹನ್ನೆರಡೂ ಕಾಲು ಎಲ್ಲಿಗೂ ಓಡಿ ಹೋಗುವುದಿಲ್ಲವಲ್ಲ. ಅಲ್ಲಿ ಆ ಗಳಿಗೆ ಬರುವಾಗ ಇಲ್ಲಿ ನಾವು ಎಲ್ಲೋ ಒಂದು ಕಡೆ ಇದ್ದೇ ಇರುತ್ತೇವೆ. ಗೆರೆ ಇನ್ನೂ ದಾಟಿಲ್ಲ, ಅಂದರೆ ನಾವು ಹದಿನೇಳೂವರೆ ಗಂಟೆ ಹಿಂದೆ. ಆದಿತ್ಯವಾರ ಹನ್ನೆರಡೂ ಕಾಲು ಗಂಟೆಯಿಂದ ಹದಿನೇಳೂವರೆ ಕಳೆದೆ. ಒಮ್ಮೆ ಕಳೆದೆ, ನಂಬಿಕೆ ಬಾರದೆ ಬೆರಳು ಮಡಚಿ ಇನ್ನೊಮ್ಮೆ ಕಳೆದೆ.

"ಅಣ್ಣ... ಆರೂ ಮುಕ್ಕಾಲೇ. ಆದರೆ ನಾಳೆ ಅಲ್ಲ. ಇವತ್ತು! ಇವತ್ತು ಸಂಜೆ ನಮಗೆ ಆರೂ ಮುಕ್ಕಾಲು ಆಗುವಾಗ ಊರಿನಲ್ಲಿ ಆದಿತ್ಯವಾರ ಹನ್ನೆರಡೂ ಕಾಲು!"

ಅವರು ನನ್ನ ಮುಖ ನೋಡಿದರು, ಗೋಡೆಯ ಗಡಿಯಾರ ನೋಡಿದರು. "ಅಯ್ಯೋ ದೇವರೇ, ಪಾಯಸದ ಕಡ್ಲೆಬೇಳೆ ನೆನೆ ಹಾಕ್ಲಿಲ್ಲ!" ಎಂದು ಕೂಗಿ, ಆರು ಮಹಡಿಯ ಮೆಟ್ಟಿಲನ್ನು ಆ ಪ್ರಾಯದಲ್ಲಿ ದಡದಡ ಇಳಿದರು. ಕೆಳಗಿನ ತನಕವೂ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು.

ನಾನು ಕ್ಯಾಪ್ಟನ್ನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು "ಎಂಥಾ ಆಫೀಸರ್ ನೀನು!" ಎಂದು ಬೈದು, ಮೈಕಿನಲ್ಲಿ ಇಡೀ ಹಡಗಿಗೆ ಘೋಷಣೆ ಮಾಡಿದರು: ಮದುವೆ ಇವತ್ತೇ, ಡೆಕ್ಕಿನ ಕೆಲಸ ಎಲ್ಲ ಈಗಿಂದೀಗಲೇ ಬಂದ್, ಅರ್ಧ ದಿನ ರಜೆ. ಅಲ್ಲಿಂದ ಹಡಗು ಹಡಗಾಗಿ ಉಳಿಯಲಿಲ್ಲ, ಮದುವೆ ಮನೆ ಆಯಿತು. ಹಿಂದಿನ ಡೆಕ್ಕಿನಲ್ಲಿ ಸಿಗ್ನಲ್ ಬಾವುಟಗಳನ್ನು ಸಾಲಾಗಿ ಕಟ್ಟಿ ಚಪ್ಪರ ಮಾಡಿದರು. ಆ ಬಾವುಟಗಳನ್ನು ದೂರದಿಂದ ಬೇರೆ ಹಡಗಿನವರು ಓದಿದ್ದರೆ ನಮಗೆ ತಲೆಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಇಬ್ಬರು ಕ್ಯಾಬೇಜು ಕೊಚ್ಚಿದರು, ನಾಲ್ವರು ಬಟಾಟೆ ಸುಲಿದರು. ರಾತ್ರಿಗೆಂದು ಮಸಾಲೆ ಹಚ್ಚಿಟ್ಟಿದ್ದ ಮೀನು ಫ್ರೀಜರಿಗೆ ವಾಪಸ್ ಹೋಯಿತು. ಬೋಸನ್ನರ ಮಾಲೆ ಅರ್ಧ ಮೊಳ ಕಡಿಮೆ ಇತ್ತು. ಬಾಕಿ ಗಂಟುಗಳನ್ನು ಹಾಕಲು ಕ್ಯಾಪ್ಟನ್ನೇ ಡೆಕ್ಕಿನಲ್ಲಿ ಅವರ ಪಕ್ಕ ಕೂತದ್ದನ್ನು ನಾವು ಕಂಡೂ ಕಾಣದವರ ಹಾಗೆ ಇದ್ದೆವು.

ಆರೂವರೆಗೆ ಪಾಳಿಯಲ್ಲಿದ್ದವರನ್ನು ಬಿಟ್ಟು ಉಳಿದವರೆಲ್ಲ ಹಿಂದಿನ ಡೆಕ್ಕಿಗೆ ಬಂದೆವು. ಇಸ್ತ್ರಿ ಹಾಕಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಒಬ್ಬೊಬ್ಬರೂ ಹೆಣ್ಣು ನೋಡಲು ಹೊರಟವರ ಹಾಗೆ ಕಾಣುತ್ತಿದ್ದರು. ಸೂರ್ಯ ಆಗಷ್ಟೇ ಮುಳುಗಿ ಬಾನಿನ ಅಂಚು ಕೆಂಪಾಗಿತ್ತು. ಭಂಡಾರಿ ಪೆಟ್ಟಿಗೆಯ ಅಡಿಯಿಂದ ಆ ಹೊಸ ಅಂಗಿ ತೆಗೆದು ಹಾಕಿದ್ದರು, ಬಿಳಿ ಪಂಚೆ ಉಟ್ಟಿದ್ದರು. ಹಡಗಿನ ಪೂಜೆಗೆಂದು ಇಟ್ಟಿದ್ದ ಒಂದು ತೆಂಗಿನಕಾಯಿಗೆ ಬೋಸನ್ನರ ಮಾಲೆ ಸುತ್ತಿ ನನ್ನ ಎರಡೂ ಅಂಗೈ ಮೇಲೆ ಇಟ್ಟರು. "ನೀವು ಹಿಡಿದುಕೊಳ್ಳಿ ಸಾಬ್. ಎರೆಯುವಾಗ ಕೆಳಗೆ ಒಂದು ಕೈ ಬೇಕಲ್ಲ," ಎಂದರು. ನಾನು ರೇಲಿಂಗಿನ ಆಚೆಗೆ ಕೈ ಚಾಚಿ ನಿಂತೆ. ಕೆಳಗೆ ನೀರು ನೊರೆ ಎಬ್ಬಿಸಿ ಹಿಂದಕ್ಕೆ ಹೋಗುತ್ತಿತ್ತು.

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, ಹಡಗಿನ ಯಜಮಾನನಾಗಿ ಮೊದಲು ತಾನು ಎರೆಯಬಹುದೇ ಎಂದು ಕೇಳಿದರು. "ಇಲ್ಲ ಸಾಬ್," ಎಂದರು ಭಂಡಾರಿ, ಕೈ ಮುಗಿದೇ. "ಹಡಗಿಗೆ ನೀವು ಮೊದಲು. ಧಾರೆಗೆ ಅಪ್ಪ ಮೊದಲು." ಕ್ಯಾಪ್ಟನ್ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಆ ಹಡಗಿನಲ್ಲಿ ಅವರು ಒಬ್ಬರ ಮಾತಿಗೆ ಹಿಂದೆ ಸರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸರಿಯಾಗಿ ಆರೂ ಮುಕ್ಕಾಲಕ್ಕೆ ಬ್ರಿಜ್ಜಿನಿಂದ ಹಡಗಿನ ಹಾರ್ನ್ ಮೊಳಗಿತು, ನಮ್ಮ ವಾಲಗ ಅದೇ. ಭಂಡಾರಿ ಗಿಂಡಿ ಎತ್ತಿ ಪಶ್ಚಿಮಕ್ಕೆ ಮುಖ ಮಾಡಿ, ಮಗಳ ಹೆಸರು, ಅಳಿಯನ ಹೆಸರು ಹೇಳಿದರು. ಮತ್ತೆ ಹೇಳಿದರು. ನೀರು ತೆಂಗಿನಕಾಯಿಯ ಮೇಲೆ, ನನ್ನ ಅಂಗೈ ಮೇಲೆ ಹರಿದು, ಬೆರಳುಗಳ ಎಡೆಯಿಂದ ಪೆಸಿಫಿಕ್ ಸಾಗರಕ್ಕೆ ಬಿತ್ತು. "ಎಡ್ಡೆ ಆವಡ್," ಎಂದರು ತುಳುವಿನಲ್ಲಿ, ಒಳ್ಳೆಯದಾಗಲಿ ಎಂದು. ಆಮೇಲೆ ಕ್ಯಾಪ್ಟನ್ ಎರೆದರು, ಬೋಸನ್ ಎರೆದರು, ಫಿಟ್ಟರ್ ತನ್ನ ಗಿಂಡಿ ಸೋರುವುದಿಲ್ಲ ಎಂದು ಎಲ್ಲರಿಗೂ ತೋರಿಸುತ್ತಾ ಎರೆದ. ಒಬ್ಬೊಬ್ಬರೂ ತಮ್ಮ ತಮ್ಮ ನಾಲಿಗೆಗೆ ಬಂದ ಹಾಗೆ "ಎಡ್ಡೆ ಆವಡ್" ಎಂದರು. ನನ್ನ ಕೈ ಸೋತು ಹೋಗಿತ್ತು, ಆದರೆ ಇಳಿಸಲು ಮನಸ್ಸಾಗಲಿಲ್ಲ. ಭಂಡಾರಿ ಅಳುತ್ತಿದ್ದರು, ನಗುತ್ತಿದ್ದರು, ಎರಡೂ ಒಟ್ಟಿಗೆ.

ಊಟಕ್ಕೆ ಸಾಲಾಗಿ ನೆಲದ ಮೇಲೆ ಕೂರಿಸಿದರು. ಎಲೆ ಇಲ್ಲದ್ದಕ್ಕೆ ಹಳೇ ನಕ್ಷೆಗಳನ್ನು ಕತ್ತರಿಸಿ ತಟ್ಟೆಯ ಕೆಳಗೆ ಹಾಸಿದ್ದರು. ನನ್ನ ಪಾಲಿಗೆ ಆಸ್ಟ್ರೇಲಿಯಾದ ಒಂದು ತುಂಡು ಬಂದಿತ್ತು. ಕಡ್ಲೆಬೇಳೆ ಸರಿಯಾಗಿ ಬೆಂದಿರಲಿಲ್ಲ, ಪಾಯಸದಲ್ಲಿ ಹಲ್ಲಿಗೆ ಸಿಗುತ್ತಿತ್ತು. ಬಿರಿಯಾನಿಗಾಗಿ ಬೊಬ್ಬೆ ಹಾಕಿದವರೆಲ್ಲ ಮೂರು ಮೂರು ಸಲ ಹಾಕಿಸಿಕೊಂಡರು. "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ" ಎಂದು ಭಂಡಾರಿ ಪಾತ್ರೆ ಹಿಡಿದು ಸಾಲಿನ ಉದ್ದಕ್ಕೂ ಉಪಚಾರ ಮಾಡಿದರು. ಎಷ್ಟೋ ತಿಂಗಳಿಂದ ದಿನಾ ಅವರೇ ಬಡಿಸುತ್ತಿದ್ದವರು, ಆದರೂ ಅವತ್ತಿನದು ಬೇರೆಯೇ... ಅವತ್ತು ಅವರು ಅಡುಗೆಯವರಾಗಿರಲಿಲ್ಲ, ಮದುವೆ ಮನೆಯ ಯಜಮಾನರಾಗಿದ್ದರು.

ಮಲಗಿ ಎದ್ದರೆ ಸೋಮವಾರ. ಮಧ್ಯಾಹ್ನ ಕ್ಯಾಪ್ಟನ್ ಭಂಡಾರಿಯನ್ನು ತಮ್ಮ ಕೋಣೆಗೆ ಕರೆದು ಸ್ಯಾಟಲೈಟ್ ಫೋನ್ ಕೈಗೆ ಕೊಟ್ಟರಂತೆ. ಸ್ವಲ್ಪ ಹೊತ್ತಿನ ಮೇಲೆ ಭಂಡಾರಿ ಚಹಾ ಹಿಡಿದುಕೊಂಡು ಬ್ರಿಜ್ಜಿಗೆ ಬಂದರು, ಮುಖ ಅರಳಿತ್ತು. "ಎಲ್ಲ ಚಂದ ಆಯ್ತಂತೆ ಸಾಬ್."

"ಮುಹೂರ್ತ? ಹನ್ನೆರಡೂ ಕಾಲಕ್ಕೇ ಆಯ್ತಾ?" ಎಂದು ಕೇಳಿದೆ. ಮೊದಲ ಲೆಕ್ಕ ತಪ್ಪಿದವನಿಗೆ ಎರಡನೆಯದರ ಮಾರ್ಕು ತಿಳಿಯುವ ಆತುರ.

"ಒಂದು ನಿಮಿಷ ಆಚೆ ಈಚೆ ಇಲ್ಲ," ಎಂದರು. "ಅಲ್ಲಿ ನೀರು ಬೀಳ್ಲಿಕ್ಕೂ, ಇಲ್ಲಿ ಬೀಳ್ಲಿಕ್ಕೂ ಸರಿಯಾಯ್ತು. ಲೆಕ್ಕ ಅಂದ್ರೆ ನಿಮ್ಮದು!" ಆಮೇಲೆ ಏಕೋ ತಮ್ಮಷ್ಟಕ್ಕೇ ಬಹಳ ಹೊತ್ತು ನಕ್ಕರು. ಸಂತೋಷಕ್ಕೆ ಇರಬೇಕು ಎಂದುಕೊಂಡೆ. ಆ ಲೆಕ್ಕದ ಕಥೆಯನ್ನು ನಾನು ಆಮೇಲೆ ಎಷ್ಟು ಕಡೆ ಜಂಬದಿಂದ ಹೇಳಿಲ್ಲ! ನನ್ನ ಸ್ವಂತ ಮದುವೆಯಲ್ಲಿ ಮಾವನ ಕಡೆಯವರಿಗೂ ಹೇಳಿದ್ದೇನೆ.

ಭಂಡಾರಿ ಚೀನಾದಲ್ಲಿ ಇಳಿದು ಊರಿಗೆ ಹೋದರು. ನಾನು ಕೆಲವು ವರ್ಷಗಳ ನಂತರ ಸಮುದ್ರ ಬಿಟ್ಟೆ. ಅವರು ವರ್ಷಕ್ಕೊಮ್ಮೆ, ಮಗಳ ಮದುವೆಯ ದಿನ, ತಪ್ಪದೆ ಫೋನ್ ಮಾಡುತ್ತಿದ್ದರು. "ಇವತ್ತು ನಮ್ಮ ಹಡಗಿನ ಮದುವೆಯ ದಿನ ಸಾಬ್, ಪಾಯಸ ಮಾಡಿಸಿದ್ರಾ?" ಎನ್ನುತ್ತಿದ್ದರು. ಒಂದೇ ಊರಿನಲ್ಲಿದ್ದೂ ಎರಡು ಸಲ ಮಾತ್ರ ಅವರ ಮನೆಗೆ ಹೋದೆ. ಇವತ್ತು ಹೋಗುವ, ನಾಳೆ ಹೋಗುವ ಎಂದು... ಕಳೆದ ವರ್ಷ ಆ ದಿನ ಫೋನ್ ಬರಲಿಲ್ಲ. ನಾನು ಕೆಲಸದ ಮೇಲೆ ಗುಜರಾತಿನಲ್ಲಿದ್ದೆ, ನನಗೂ ಮರೆತುಹೋಯಿತು. ಊರಿಗೆ ಬಂದ ಮೇಲೆ ಯಾರೋ ಹೇಳಿದರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಎಲ್ಲ ಮುಗಿದು ಹತ್ತು ದಿನ ಆಗಿತ್ತು.

ಆ ಸಂಜೆಯೇ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆಗೆದಳು. ಅವಳ ಹೆಸರು ಹೇಳಿ ನೀರು ಎರೆಯುವಾಗ ಕೈ ಒಡ್ಡಿದ್ದವನು ನಾನು, ಆದರೆ ಅವಳನ್ನು ಕಂಡದ್ದು ಅದೇ ಮೊದಲು. ನಾನು ಯಾರೆಂದು ಹೇಳಿದ ಕೂಡಲೇ, "ಅಯ್ಯೋ, ನೀವಾ ಆ ಸೆಕೆಂಡ್ ಸಾಬ್!" ಎಂದು ಅಷ್ಟು ದುಃಖದಲ್ಲೂ ನಕ್ಕುಬಿಟ್ಟಳು. ನನಗಿಂತ ಐದಾರು ವರ್ಷ ಚಿಕ್ಕವಳು, ಆದರೂ ನನ್ನನ್ನು ಅಂಕಲ್ ಮಾಡಿದಳು. ಕಾಫಿ ಕೊಟ್ಟಳು. ಅಪ್ಪನ ಕೊನೆಯ ದಿನಗಳ ಬಗ್ಗೆ ಹೇಳಿದಳು. ಏನಾದರೂ ಸಮಾಧಾನದ ಮಾತು ಆಡಬೇಕಲ್ಲ ಎಂದು ನಾನು ಹೇಳಿದೆ: "ನಿಮ್ಮ ಧಾರೆಯ ಹೊತ್ತಿಗೆ ಅವರು ದೂರ ಇದ್ದರೂ, ಒಂದೇ ಗಳಿಗೆಯಲ್ಲಿ ಎರಡು ಕಡೆ ನೀರು ಬಿತ್ತು. ಒಂದು ನಿಮಿಷ ಹೆಚ್ಚು ಕಡಿಮೆ ಇಲ್ಲ."

ಅವಳು ಕೂತಲ್ಲೇ ನನ್ನ ಕಡೆ ತಿರುಗಿದಳು. "ಅಪ್ಪ ನಿಮಗೆ ಹೇಳ್ಲೇ ಇಲ್ವಾ ಅಂಕಲ್? ಅವತ್ತು ನಂತೂರಿನಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಹುಡುಗನ ದಿಬ್ಬಣದ ಬಸ್ಸು ಬ್ಲಾಕಲ್ಲಿ ಸಿಕ್ಕಿಬಿತ್ತು. ಪಂಪ್‌ವೆಲ್ ಹತ್ತಿರ ಮದುವೆ ಹಾಲ್, ಎಷ್ಟು ದೂರ ಅದು? ಆದರೂ ಒಂದು ಗಂಟೆ ಬೇಕಾಯ್ತು. ಭಟ್ರು ಪಂಚಾಂಗ ಮಗುಚಿ ಇನ್ನೊಂದು ಮುಹೂರ್ತ ಹುಡುಕಿದ್ರು. ಧಾರೆ ಆಗುವಾಗ ಒಂದೂವರೆ."

ಹನ್ನೆರಡು ವರ್ಷದ ಜಂಬ ಕಾಫಿ ಲೋಟದಲ್ಲಿ ಮುಳುಗಿಹೋಯಿತು.

"ಮರುದಿನ ಅಪ್ಪ ಫೋನ್ ಮಾಡಿದಾಗ ಅಮ್ಮ ಅಳ್ತಾ ಅಳ್ತಾ ಹೇಳಿದ್ರು, ಹೊತ್ತು ತಪ್ಪಿತು, ನೀವು ಎರೆಯುವಾಗ ಇಲ್ಲಿ ಹುಡುಗನೇ ಬಂದಿರ್ಲಿಲ್ಲ ಅಂತ. ಅಪ್ಪನಿಗೆ ಬೇಜಾರಾಗ್ಬಹುದು ಅಂತ ನಾವೆಲ್ಲ ಹೆದರಿ ನಿಂತಿದ್ದೆವು. ಅವರು ನಗ್ಲಿಕ್ಕೆ ಶುರು ಮಾಡಿದ್ರು. 'ಹಾಗಾದ್ರೆ ಮೊದಲ ನೀರು ನನ್ನದೇ ಅಲ್ವಾ?' ಅಂದ್ರು. 'ಅಪ್ಪ ಎರೆಯದೆ ಧಾರೆ ಆಗ್ಲಿಕ್ಕಿಲ್ಲ ಅಂತ ದೇವರೇ ಲಾರಿ ಅಡ್ಡ ಇಟ್ಟದ್ದು. ನಾನು ಎರೆದ ಮೇಲೆಯೇ ನೀವೆಲ್ಲ ಎರೆದದ್ದು!' ಆಮೇಲೆ ಮೆಲ್ಲ ಹೇಳಿದ್ರು, 'ನಮ್ಮ ಸೆಕೆಂಡ್ ಸಾಬಿಗೆ ಮಾತ್ರ ಯಾರೂ ಹೇಳ್ಬೇಡಿ. ಪಾಪ, ಎರಡು ಸಲ ಲೆಕ್ಕ ಮಾಡಿದ್ದಾರೆ.'"

ನಾನು ನಕ್ಕೆ, ಅವಳೂ ನಕ್ಕಳು. ಆಮೇಲೆ ಇಬ್ಬರೂ ಅತ್ತೆವು, ಅದರಲ್ಲಿ ನಾಚಿಕೆ ಎಂತದ್ದು. ಅಷ್ಟು ವರ್ಷ ಪ್ರತಿ ಸಲ ಫೋನಿನಲ್ಲಿ ನನ್ನ ಲೆಕ್ಕವನ್ನು ಹೊಗಳಿದ ಮನುಷ್ಯ, ಒಳಗೊಳಗೇ ಎಷ್ಟು ನಕ್ಕಿರಬೇಕು. ಅಣ್ಣ, ಸಿಕ್ಕಿಬಿದ್ದಿರಿ ಎಂದು ಒಮ್ಮೆ ಕೆಣಕಬೇಕು ಎಂದು ತುಂಬ ಆಸೆಯಾಗುತ್ತದೆ. ಅವರ ನಂಬರು ನನ್ನ ಫೋನಿನಲ್ಲಿ ಹಾಗೆಯೇ ಉಂಟು. ಎತ್ತುವವರು ಇಲ್ಲ.